ಗದುಗಿನಲ್ಲಿ ನಾನು ಕಂಡ ದಾನ
(ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಕ್ರೈಸ್ತ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಪುಣ್ಯಕ್ಷೇತ್ರವೊಂದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಭೆಯ ಚಾಲಕರು ಅಪ್ಪಣೆ ಮಾಡಿದಾಗ ನನಗೆ ಸಂಕೋಚವೇ ಆಯಿತು. ನಾನು ಕ್ರೈಸ್ತನು, ಹುಬ್ಬಳ್ಳಿಯ ಮಿಶನ್ ಕಂಪೌಂಡಿನಲ್ಲಿ ಹುಟ್ಟಿ ಬೆಳೆದವನು. ತೀರ್ಥ, ಪ್ರಸಾದ, ಗದ್ದುಗೆ ಎಂಬ ಶಬ್ದಗಳನ್ನು ನೆರೆಹೊರೆಯವರಿಂದ ಕೇಳಿ ಬಲ್ಲೆನೇ ಹೊರತು ಅನುಭವದಿಂದ ಬಲ್ಲವನಾಗಿರಲಿಲ್ಲ. ಆದರೆ ಕಳೆದ ವರ್ಷ ಗದುಗಿನಲ್ಲಿ ಎರಡು ದಿನ ಇದ್ದು ಬಂದ ಮೇಲೆ ಒಂದು ವಿಚಾರವು ನನ್ನ ಮನಸ್ಸಿನಲ್ಲಿ ಬೇರೂರಿ ನಿಂತಿದೆ. ಅದನ್ನು ನಿಮ್ಮ ಮುಂದಿಡುವದಕ್ಕಾಗಿ ಎದ್ದು ನಿಂತಿರುವೆನು. ನಾನು ಗದುಗಿಗೆ ಹೋದದ್ದು ಯಾತ್ರೆಯ ಸಲುವಾಗಿ ಅಲ್ಲ, ನನ್ನ ತಮ್ಮನ ಸಲುವಾಗಿ.

ನನ್ನ ತಮ್ಮನಿಗೆ ಈಗ ಹನ್ನೆರಡು ವರ್ಷ. ನಾಲ್ಕನೆಯ ವರ್ಷದಲ್ಲಿ ಬಂದ ಜ್ವರದಲ್ಲಿ ಅವನ ಎರಡೂ ಕಣ್ಣು ಹೋದವು. ಓದಿಸಬೇಕೆಂದು ನಮ್ಮ ತಂದೆಯವರು ಅವನನ್ನು ಒಂದು ಶಾಲೆಗೆ ಕರೆದುಕೊಂಡು ಹೋದರು. ಅಲ್ಲಿಯ ಮುಖ್ಯಸ್ಥರು ಬಹಳ ಸೌಜನ್ಯದಿಂದ ಕೂಡ್ರಿಸಿ, ಚಹ ಕೊಟ್ಟು, "ಇಂಥ ಮಕ್ಕಳಿಗೆ ಕಲಿಸುವವರು ನಮ್ಮಲ್ಲಿಲ್ಲ" ಎಂದು ಹೇಳಿ ಕಳಿಸಿದರು. ಅಂದಿನಿಂದ ನಮ್ಮ ಮನೆಯ ಕಟ್ಟೆಯೇ ಆ ಹುಡುಗನ ಶಾಲೆಯಾಯಿತು. ಬೀದಿಯಲ್ಲಿ ಹೋಗುವವರ ಹೆಜ್ಜೆಯ ಸಪ್ಪಳ ಕೇಳಿಯೇ ಅವರವರ ಹೆಸರು ಹೇಳುವಷ್ಟು ಪಾಠವನ್ನು ಅವನು ಅಲ್ಲಿ ಕಲಿತನು. ಅವರಾದರೋ ಒಂದು ಗಳಿಗೆ ನಿಂತು, ಅವನ ತಲೆ ಸವರಿ, ಒಂದೇ ಶಬ್ದ ನುಡಿದು ಮುಂದೆ ಹೋಗುತ್ತಿದ್ದರು: "ಪಾಪ!"

ಕನ್ನಡದ ಈ ಶಬ್ದವನ್ನು ನೀವು ಎಂದಾದರೂ ವಿಚಾರಿಸಿ ನೋಡಿರುವಿರಾ? ಮಾಡಬಾರದ್ದನ್ನು ಮಾಡಿದರೂ ಪಾಪ. ಏನೂ ಮಾಡದೆ ನೊಂದವನನ್ನು ಕಂಡರೂ ಪಾಪ. ಯೋಹಾನನು ಬರೆದ ಸುವಾರ್ತೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಹುಟ್ಟುಗುರುಡನೊಬ್ಬನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಯೇಸುಸ್ವಾಮಿಯನ್ನು ಕೇಳುತ್ತಾರೆ. ಇವನೂ ಅಲ್ಲ, ಅವರೂ ಅಲ್ಲವೆಂಬುದು ಗುರುವಿನ ಉತ್ತರ. ಆ ಉತ್ತರ ಬಂದು ಎರಡು ಸಾವಿರ ವರ್ಷಗಳಾಗುತ್ತ ಬಂದರೂ ಪ್ರಶ್ನೆಯು ನಮ್ಮ ಬೀದಿಗಳಲ್ಲಿ ಇನ್ನೂ ತಿರುಗಾಡುತ್ತಲೇ ಇದೆ. ಒಬ್ಬರು ಪೂರ್ವಜನ್ಮದ ಕರ್ಮವೆನ್ನುವರು, ಇನ್ನೊಬ್ಬರು ದೇವರ ಶಿಕ್ಷೆಯೆನ್ನುವರು. ಹೇಳುವ ಮಾತು ಬೇರೆಯಾದರೂ ಕೈಕಟ್ಟಿ ಕೂಡ್ರುವದರಲ್ಲಿ ಇಬ್ಬರೂ ಒಂದೇ.

ಹೀಗಿರಲು ನಮ್ಮ ತಂದೆಯವರ ಸ್ನೇಹಿತರಾದ ಒಬ್ಬ ಲಿಂಗವಂತ ಮಾಸ್ತರರು ಮನೆಗೆ ಬಂದವರು, ಹುಡುಗನನ್ನು ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕಳಿಸಬಾರದೇಕೆ ಎಂದು ಕೇಳಿದರು. ನಮ್ಮ ಅಜ್ಜಿ ಗಾಬರಿಯಾದಳು. "ಮಠಕ್ಕೆ ಬಿಟ್ಟ ಮೇಲೆ ಹುಡುಗ ನಮ್ಮವನಾಗಿ ಉಳಿದಾನೆಯೇ ಮಾಸ್ತರರೇ?" ಎಂದಳು. ಮಾಸ್ತರರು ನಕ್ಕು, "ಅಜ್ಜೀ, ನಮ್ಮ ಅಜ್ಜನವರು ನಮ್ಮ ತಂದೆಯನ್ನು ನಿಮ್ಮ ಮಿಶನ್ ಶಾಲೆಗೆ ಹಚ್ಚುವಾಗ ನಮ್ಮ ಮನೆಯಲ್ಲಿಯೂ ಇದೇ ಮಾತು ನಡೆದಿತ್ತಂತೆ" ಎಂದರು. ಅಜ್ಜಿ ಆ ಮಾತಿಗೆ ಉತ್ತರ ಕೊಡಲಿಲ್ಲ. ಆದರೆ ಮೊದಲು ನೀನು ಹೋಗಿ ಕಣ್ಣಾರೆ ನೋಡಿಕೊಂಡು ಬಾ ಎಂದು ನನಗೆ ಹೇಳಿದಳು. ತಮ್ಮನನ್ನೂ ಕರೆದುಕೊಂಡು ನಾನು ಬೆಳಗಿನ ಗಾಡಿ ಹತ್ತಿದೆನು.

ಗದುಗು ಕನ್ನಡಿಗರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾದ ಊರಲ್ಲ. ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತವನ್ನು ಹಾಡಿದ ಊರದು. ತ್ರಿಕೂಟೇಶ್ವರದ ಆವರಣದಲ್ಲಿ ಸರಸ್ವತಿಯ ಗುಡಿಯನ್ನು ಚಾಲುಕ್ಯರ ಶಿಲ್ಪಿಗಳು ಕಡೆದಿಟ್ಟ ಊರು. 1924ರಲ್ಲಿ ಬೆಳಗಾವಿಯಲ್ಲಿ ಮೊಳಗಿದ ಏಕೀಕರಣದ ಗೀತೆಯನ್ನು ಬರೆದ ಹುಯಿಲಗೋಳ ನಾರಾಯಣರಾಯರು ಆ ಊರಿನವರೇ. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾಗುವವರೆಗೆ ಎಲ್ಲ ಮತದವರನ್ನೂ ಮಠದ ಅಂಗಳಕ್ಕೆ ಕರೆದು ಕೂಡ್ರಿಸಿದ್ದರು. ಊರಿಗೆ ಅಂಟಿಕೊಂಡೇ ಇರುವ ಬೆಟಗೇರಿಗೆ 1841ರಷ್ಟು ಹಿಂದೆಯೇ ಬಾಸೆಲ್ ಮಿಶನ್ನಿನವರು ಬಂದು ನೆಲೆನಿಂತರು. ಅವರು ಕಟ್ಟಿದ ದವಾಖಾನೆಯನ್ನು ಜನರು ಜರ್ಮನ್ ಆಸ್ಪತ್ರೆಯೆಂದೇ ಕರೆಯುವರು. ನಮ್ಮ ಸೋದರತ್ತೆ ಬೆಟಗೇರಿಯಲ್ಲಿರುವದರಿಂದ ಅವಳ ಮನೆಯಲ್ಲಿ ಇಳಿದುಕೊಂಡು ಮರುದಿನ ಆಶ್ರಮಕ್ಕೆ ಹೋದೆವು.

ಆಶ್ರಮದ ಕಥೆಯನ್ನು ತುಸು ಹೇಳಬೇಕು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಒಬ್ಬ ಅಂಧ ಬಾಲಕನು ಹುಟ್ಟಿದನು. ಅಂಥ ಬಡ ಮಗುವಿಗೆ ಆ ಕಾಲದಲ್ಲಿ ಭಿಕ್ಷಾಪಾತ್ರೆಯಲ್ಲದೆ ಬೇರೆ ಗತಿಯಿರಲಿಲ್ಲ. ಆದರೆ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಆ ಬಾಲಕನ ಕಂಠವನ್ನು ಕೇಳಿದರು. ಕಣ್ಣಿಲ್ಲವೆಂಬುದನ್ನು ಎಲ್ಲರೂ ಕಂಡಿದ್ದರು. ಕಂಠವಿದೆಯೆಂಬುದನ್ನು ಅವರು ಕಂಡರು. ಆ ಬಾಲಕನೇ ಕರ್ನಾಟಕಿ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಪಂಚಾಕ್ಷರಿ ಗವಾಯಿಗಳು. ಅವರು ಕಲಿತ ವಿದ್ಯೆಯನ್ನು ಮಾರಿ ಮನೆ ಕಟ್ಟಿಕೊಳ್ಳಲಿಲ್ಲ. ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರೂರು ತಿರುಗುತ್ತ, ಹಾಡಿ, ಬಂದದ್ದನ್ನು ಶಿಷ್ಯರೊಡನೆ ಹಂಚಿ ಉಣ್ಣುತ್ತ ನಡೆಯುವ ಪಾಠಶಾಲೆಯೊಂದನ್ನು ಕಟ್ಟಿದರು. ಕೊನೆಗೆ ಬಸರಿಗಿಡದ ವೀರಪ್ಪನವರೆಂಬ ಸದ್ಗೃಹಸ್ಥರ ಔದಾರ್ಯದಿಂದ ಗದುಗಿನಲ್ಲಿ ಅವರಿಗೆ ನೆಲೆ ದೊರೆಯಿತು. ಆಶ್ರಮಕ್ಕೆ ಆ ದಾನಿಯ ಹೆಸರೇ ನಿಂತಿತು. ಕಣ್ಣಿದ್ದವರೂ ಆ ಕಣ್ಣಿಲ್ಲದ ಗುರುವಿನ ಬಳಿಗೆ ಬಂದು ಕಲಿತರು. ಬಸವರಾಜ ರಾಜಗುರುಗಳು ಅಂಥ ಶಿಷ್ಯರಲ್ಲೊಬ್ಬರು.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದಾಗ ಆ ಭಾರವನ್ನು ಹೊತ್ತವರು, ಎಳೆಯ ಮಗುವಾಗಿದ್ದಾಗಲೇ ಕಣ್ಣು ಕಳೆದುಕೊಂಡಿದ್ದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು. ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿಯೂ ಗ್ರಂಥಗಳನ್ನು ರಚಿಸಿದ ಈ ಮಹನೀಯರು ಮಕ್ಕಳ ಅನ್ನಕ್ಕಾಗಿ ನಾಟಕ ಮಂಡಲಿಯನ್ನು ನಡೆಸಿದರು. ಭಕ್ತರು ಊರೂರಲ್ಲಿ ಅವರನ್ನು ತಕ್ಕಡಿಯಲ್ಲಿ ಕೂಡ್ರಿಸಿ ತುಲಾಭಾರ ಮಾಡಿದರು. ತೂಗಿ ಬಂದದ್ದು ಆಶ್ರಮದ ಮಕ್ಕಳಿಗೆ ಸಂದಿತು. 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಬಂದಿತು. ಅದೇ ವರ್ಷ ಸಪ್ಟೆಂಬರದಲ್ಲಿ ಅವರು ಗುರುವಿನ ಹಾದಿ ಹಿಡಿದರು. ಗುರುಶಿಷ್ಯರಿಬ್ಬರ ಗದ್ದುಗೆಗಳೂ ಅಲ್ಲಿವೆ.

ಮಹನೀಯರೇ, ನಾವು ಒಳಗೆ ಕಾಲಿಟ್ಟಾಗ ಒಂದು ಮೂಲೆಯಿಂದ ತಂಬೂರಿ, ಇನ್ನೊಂದು ಮೂಲೆಯಿಂದ ತಬಲಾ, ಮತ್ತೊಂದು ಕಡೆಯಿಂದ ಎಳೆಯ ಕಂಠಗಳ ಸರಿಗಮ ಕೇಳಿಬರುತ್ತಿದ್ದವು. ನನಗೆ ಅದು ಗದ್ದಲ. ನನ್ನ ತಮ್ಮನಿಗೆ ಅದೊಂದು ಊರು. ಅವನು ನನ್ನ ಕೈ ಬಿಟ್ಟು ನಿಂತನು. ಹಿರಿಯ ಶಿಕ್ಷಕರೊಬ್ಬರು, ಅವರೂ ಅಂಧರೇ, ಅವನನ್ನು ಹತ್ತಿರ ಕರೆದು ಕೂಡ್ರಿಸಿಕೊಂಡು ಅವನ ಎರಡೂ ಕೈಗಳ ಬೆರಳುಗಳನ್ನು ಮುಟ್ಟಿ ನೋಡಿ, "ಬೆರಳು ಉದ್ದ ಇವೆಯಪ್ಪಾ, ತಬಲಾಕ್ಕೆ ಒಳ್ಳೆಯವು" ಎಂದರು. ಎಂಟು ವರ್ಷಗಳಲ್ಲಿ ನನ್ನ ತಮ್ಮನಲ್ಲಿ ಏನು ಇದೆಯೆಂದು ಹೇಳಿದವರು ಅವರೇ ಮೊದಲಿಗರು; ಮಿಕ್ಕವರೆಲ್ಲರೂ ಏನು ಇಲ್ಲವೆಂದು ಹೇಳಿದವರು.

ಮಧ್ಯಾಹ್ನವಾಯಿತು. ನಮ್ಮ ಜಾತಿ ಯಾವದೆಂದು ಯಾರೂ ಕೇಳಲಿಲ್ಲ. ಊಟವಾಯಿತೇ ಎಂದು ಮಾತ್ರ ಕೇಳಿದರು. ಪಂಕ್ತಿಯಲ್ಲಿ ಕುಳಿತಾಗ ನನಗೆ ಕ್ಷಣಕಾಲ ಅಳುಕಾಯಿತು. ಅನ್ಯದೇವರಿಗೆ ನಿವೇದಿಸಿದ ಅನ್ನವನ್ನು ಉಣ್ಣಬಹುದೋ ಬಾರದೋ ಎಂಬ ವಾದವು ನಮ್ಮಲ್ಲಿ ಸಂತ ಪೌಲನ ಕಾಲದಿಂದ ನಡೆದು ಬಂದಿದೆ. ನಾನು ಆ ವಾದವನ್ನು ಮುಗಿಸುವಷ್ಟರಲ್ಲಿ ನನ್ನ ತಮ್ಮನು ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿದ್ದನು. ನಾನೂ ಉಂಡೆನು.

ದಾನಗಳಲ್ಲಿ ಎರಡು ಬಗೆಯುಂಟೆಂದು ನನಗೆ ಅಂದು ತಿಳಿಯಿತು. ಕೊಡುವವನು ಕೊಡುವವನಾಗಿಯೂ ಬೇಡುವವನು ಬೇಡುವವನಾಗಿಯೂ ಉಳಿಯುವದು ಒಂದು ಬಗೆ. ಅದರಿಂದ ಹಸಿವು ಒಂದು ಹೊತ್ತು ಹಿಂಗೀತು, ದೈನ್ಯ ಹಿಂಗದು. ಇಂದು ಚಾಚಿದ ಕೈ ನಾಳೆ ನೀಡುವ ಕೈಯಾಗುವದು ಎರಡನೆಯ ಬಗೆ. ಕುಮಾರಸ್ವಾಮಿಗಳು ಕೈಹಿಡಿದ ಅಂಧ ಬಾಲಕನು ಇನ್ನೊಬ್ಬ ಅಂಧನ ಕೈ ಹಿಡಿದನು. ಅವನು ನೂರಾರು ಜನರ ಕೈ ಹಿಡಿದನು. ಹನ್ನೆರಡನೆಯ ಶತಮಾನದ ಶರಣರು ದಾನವೆನ್ನದೆ ದಾಸೋಹವೆಂದುದರ ಮರ್ಮವು ಇದೇ ಇರಬೇಕು. ಅಲ್ಲಿ ನೀಡುವವನೇ ದಾಸನು.

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾದೀತು. ಅಂಧರೆಲ್ಲರೂ ಗವಾಯಿಗಳಾಗಲಾರರು, ಆಗಬೇಕಾಗಿಯೂ ಇಲ್ಲ. ಲೆಕ್ಕದಲ್ಲಿ ಮನಸ್ಸುಳ್ಳವನಿಗೆ ಲೆಕ್ಕ, ಕಾಯದೆಯಲ್ಲಿ ಮನಸ್ಸುಳ್ಳವನಿಗೆ ಕಾಯದೆ ದೊರೆಯಬೇಕು. ನಮ್ಮ ದೇಶದ ಲಿಪಿಗಳಿಗೆಲ್ಲ ಒಂದೇ ಬ್ರೈಲ್ ಪದ್ಧತಿಯು 1951ರಲ್ಲಿಯೇ ನಿಶ್ಚಿತವಾಯಿತು. ಅಂಗವಿಕಲ ಮಕ್ಕಳಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣವು ಹಕ್ಕೆಂದು 2016ರ ಕಾಯದೆಯು ಹೇಳುತ್ತದೆ. ಹೀಗಿದ್ದೂ ನನ್ನ ತಮ್ಮನು ಶಾಲೆಯ ಬಾಗಿಲಿನಿಂದ ಚಹ ಕುಡಿದು ಮರಳಬೇಕಾಯಿತು. ಆಶ್ರಮವೊಂದು ನಮ್ಮೆಲ್ಲರ ಹೊಣೆಯನ್ನು ಹೊತ್ತುಕೊಂಡಿದೆಯೆಂದು ನಾವು ಹೊಣೆಯಿಂದ ಬಿಡುಗಡೆ ಹೊಂದಲಿಲ್ಲ. ಈ ಸಭೆಯಲ್ಲಿ ಕುಳಿತಿರುವ ಶಿಕ್ಷಕ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಅಂಥ ಮಗುವೊಂದು ನಿಮ್ಮ ಬಾಗಿಲಿಗೆ ಬಂದರೆ, ಕಲಿಸಲು ಬಾರದೆಂದು ಹೇಳುವ ಮೊದಲು ಅದರ ಬೆರಳುಗಳನ್ನು ಒಮ್ಮೆ ಮುಟ್ಟಿ ನೋಡಿರಿ.

ಇನ್ನು ಅಜ್ಜಿಯ ಪ್ರಶ್ನೆ. ಊರಿಗೆ ಮರಳಿದ ಮೇಲೆ ನಾನು ಅವಳಿಗೆ ಉತ್ತಂಗಿ ಚನ್ನಪ್ಪನವರ ನೆನಪು ಮಾಡಿಕೊಟ್ಟೆನು. ಅವರು ನಮ್ಮ ಸಭೆಯ ಪಾದ್ರಿಗಳು. ಸರ್ವಜ್ಞನ ವಚನಗಳನ್ನು ಅರಸಿ ಕೂಡಿಸಿ 1924ರಲ್ಲಿ ಪ್ರಕಟಿಸಿದವರು. ಬಸವಣ್ಣನವರ ಅನುಭವಮಂಟಪವನ್ನು ಕುರಿತು ಭಕ್ತಿಯಿಂದ ಬರೆದವರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ಶರಣರ ಅಂಗಳದಲ್ಲಿ ಅಷ್ಟು ತಿರುಗಾಡಿದರೂ ಅವರು ಕ್ರಿಸ್ತನ ಮನೆಯನ್ನು ಬಿಡಲಿಲ್ಲ. ಅಜ್ಜಿ ಕೇಳಿ ಸುಮ್ಮನಾದಳು. ಆದರೆ ಅವಳ ಮನಸ್ಸನ್ನು ತಿರುಗಿಸಿದ್ದು ನನ್ನ ವಾದವಲ್ಲ. ಗದುಗಿನಲ್ಲಿ ಏನು ಕಂಡೆಯೋ ಮಗನೇ ಎಂದು ಅವಳು ತಮ್ಮನನ್ನು ಕೇಳಿದಾಗ ಅವನು ಹೇಳಿದ ಒಂದು ಮಾತು: "ಅಜ್ಜೀ, ಅಲ್ಲಿ ಯಾರೂ ನನಗೆ ಪಾಪ ಎನ್ನಲಿಲ್ಲ."

ಈ ವರ್ಷ ಅವನು ಆಶ್ರಮದ ವಿದ್ಯಾರ್ಥಿಯಾಗಿರುವನು. ರಾತ್ರಿ ಮಲಗುವ ಮುಂಚೆ ನಮ್ಮ ಪ್ರಾರ್ಥನೆಯನ್ನು ತಪ್ಪದೆ ಹೇಳುತ್ತಾನಂತೆ. ಮಗ್ಗುಲ ಹುಡುಗನು ತನ್ನದನ್ನು ಹೇಳುತ್ತಾನಂತೆ. ನಮ್ಮ ಅಜ್ಜಿ ಮೊದಲಿನಿಂದಲೂ ದಿನಾಲು ಅನ್ನಕ್ಕಿಡುವಾಗ ದೇವಾಲಯಕ್ಕೆಂದು ಒಂದು ಹಿಡಿ ಅಕ್ಕಿ ತೆಗೆದಿಡುವಳು. ಈಗ ಎರಡು ಡಬ್ಬಿಗಳಾಗಿವೆ. ಎರಡನೆಯದು ತುಂಬಿದಾಗ ಗದುಗಿಗೆ ಹೋಗುತ್ತದೆ.

ಕನ್ನಡ ಬಂಧುಗಳೇ, ಹರಿದು ಹಂಚಿಹೋಗಿದ್ದ ನಮ್ಮ ನಾಡು 1956ರಲ್ಲಿ ಒಂದಾಯಿತು. ಗಡಿಗಳನ್ನು ಒಂದುಗೂಡಿಸಿದವರು ನಮ್ಮ ಹಿರಿಯರು. ಹೊಸ್ತಿಲುಗಳನ್ನು ಒಂದುಗೂಡಿಸುವ ಕೆಲಸವು ನಮ್ಮ ಪಾಲಿಗೆ ಉಳಿದಿದೆ. ಅದಕ್ಕೆ ದೊಡ್ಡ ಬಂಡವಾಳವೇನೂ ಬೇಡ; ಅಡಿಗೆಮನೆಯಲ್ಲಿ ಇನ್ನೊಂದು ಡಬ್ಬಿ ಸಾಕು.