ಒಂದೇ ಮನೆ, ಎರಡು ಪಕ್ಷ



ಕೆಲವು ವರ್ಷಗಳ ಹಿಂದೆ ನಾವು ತರಗತಿಯಲ್ಲಿ ಇಂಗ್ಲೆಂಡಿನ ಹದಿನೇಳನೆಯ ಶತಮಾನದ ಚರಿತ್ರೆಯನ್ನು ಹೇಳುತ್ತಿದ್ದಾಗ, ಕೊಟ್ಟೂರಿನ ಹುಡುಗನೊಬ್ಬನು ಎದ್ದು ನಿಂತು, “ಸಾರ್, ಹ್ಯಾಂಪ್ಡೆನ್ನನ ಸೋದರಮಾವನ ಮಗ ಯಾರು ಎಂಬುದನ್ನು ತಿಳಿದು ಕೊಟ್ಟೂರಿನವರಿಗೆ ಏನಾಗಬೇಕು?” ಎಂದು ಕೇಳಿದನು. ಹುಡುಗರೆಲ್ಲ ನಕ್ಕರು. ನಾವೂ ನಕ್ಕು, “ಪರೀಕ್ಷೆಯಲ್ಲಿ ಪಾಸಾಗಬೇಕು” ಎಂದು ಉತ್ತರ ಕೊಟ್ಟೆವು. ಅದು ಉತ್ತರವಲ್ಲವೆಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ನಾವೂ ಕೊಟ್ಟೂರಿನವರೇ, ಆದುದರಿಂದ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಅಂದು ಕೊಡಬೇಕಾಗಿದ್ದ ಉತ್ತರವನ್ನು ತಡವಾಗಿಯಾದರೂ ಇಂದು ತಮ್ಮೆದುರಿಗೆ ಒಪ್ಪಿಸುತ್ತೇವೆ.

ಇಂಗ್ಲೆಂಡಿನಲ್ಲಿ ‘ಜೆಂಟ್ರಿ’ ಎಂದು ಕರೆಯಿಸಿಕೊಂಡ ಒಂದು ವರ್ಗವಿತ್ತು. ಅವರು ಪ್ರಭುಗಳ ಸಭೆಯಲ್ಲಿ ಕುಳಿತುಕೊಳ್ಳುವಷ್ಟು ದೊಡ್ಡವರಲ್ಲ, ನೇಗಿಲು ಹಿಡಿಯುವಷ್ಟು ಸಣ್ಣವರೂ ಅಲ್ಲ. ತಮ್ಮ ಸೀಮೆಯಲ್ಲಿ ಜಮೀನುಳ್ಳವರು. ಅಲ್ಲಿಯ ಸಣ್ಣಪುಟ್ಟ ನ್ಯಾಯಗಳನ್ನು ಸಂಬಳವಿಲ್ಲದೆ ತೀರಿಸುವವರು. ದೊರೆ ಪಾರ್ಲಿಮೆಂಟನ್ನು ಕರೆದಾಗ ಸೀಮೆಯ ಪರವಾಗಿಯೋ ಪಟ್ಟಣದ ಪರವಾಗಿಯೋ ಕಾಮನ್ಸ್ ಸಭೆಗೆ ಹೋಗುವವರು. ನಮ್ಮ ಕಡೆಯ ಗೌಡಿಕೆ, ದೇಸಗತಿಗಳನ್ನು ನೆನೆದರೆ ಚಿತ್ರ ಸ್ವಲ್ಪಮಟ್ಟಿಗೆ ಮನಸ್ಸಿಗೆ ಬಂದೀತು. ಇವರ ರಾಜಕೀಯವೆಲ್ಲ ಮದುವೆಯ ಚಪ್ಪರದಲ್ಲಿ ಹುಟ್ಟಿ, ಆಮೇಲೆ ಸಭೆಗೆ ನಡೆದುಬರುತ್ತಿದ್ದಿತು.

ಒಂದು ಉದಾಹರಣೆಯನ್ನು ಕೊಡೋಣ. ಎಸೆಕ್ಸ್ ಸೀಮೆಯ ಸರ್ ಆಂಥೊನಿ ಕುಕ್ ಎಂಬಾತನು ತನ್ನ ಹೆಣ್ಣುಮಕ್ಕಳಿಗೆ ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಕಲಿಸಿದನು. ಹಿರಿಯಳಾದ ಮಿಲ್ಡ್ರೆಡ್ ವಿಲಿಯಂ ಸೆಸಿಲನನ್ನು ಮದುವೆಯಾದಳು. ಅವಳ ತಂಗಿ ಆನ್ ನಿಕೊಲಾಸ್ ಬೇಕನ್ನನ ಕೈಹಿಡಿದಳು. 1558ರಲ್ಲಿ ಎಲಿಜಬೆತ್ ಪಟ್ಟಕ್ಕೆ ಬಂದಾಗ ಒಬ್ಬ ಷಡ್ಡಕನು ರಾಣಿಯ ಕಾರ್ಯದರ್ಶಿಯಾದನು, ಇನ್ನೊಬ್ಬನು ರಾಜಮುದ್ರೆಯನ್ನು ಕಾಯುವ ಅಧಿಕಾರಿಯಾದನು. ಅವರ ಮಕ್ಕಳು ರಾಬರ್ಟ್ ಸೆಸಿಲ್ ಮತ್ತು ಜಗತ್ಪ್ರಸಿದ್ಧನಾದ ಫ್ರಾನ್ಸಿಸ್ ಬೇಕನ್. ಇಂಗ್ಲಿಷಿನಲ್ಲಿ ಇವರಿಬ್ಬರೂ ‘ಕಸಿನ್’ಗಳು. ನಮ್ಮ ಲೆಕ್ಕದಲ್ಲಿ ಅಕ್ಕತಂಗಿಯರ ಮಕ್ಕಳು, ಎಂದರೆ ಅಣ್ಣತಮ್ಮಂದಿರೇ. ಆದರೂ ಬೇಕನ್ನನು ದೊಡ್ಡಪ್ಪನ ಬಾಗಿಲಲ್ಲಿ ಉದ್ಯೋಗಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ಅವನು ಬಯಸಿದ ಅಟಾರ್ನಿ ಜನರಲ್ ಪದವಿ 1594ರಲ್ಲಿ ಬೇರೊಬ್ಬನ ಪಾಲಾಯಿತು. ಬಾಂಧವ್ಯವು ಬಾಗಿಲನ್ನು ತೆರೆಯುತ್ತದೆ. ಎಲ್ಲರನ್ನೂ ಒಳಕ್ಕೆ ಕರೆಯುವುದಿಲ್ಲ.

ಇನ್ನು ನಮ್ಮ ಹುಡುಗನು ಕೇಳಿದ ಹ್ಯಾಂಪ್ಡೆನ್ನನ ಸಂಗತಿ. ಜಾನ್ ಹ್ಯಾಂಪ್ಡೆನ್ ಬಕಿಂಗ್‌ಹ್ಯಾಂ ಸೀಮೆಯ ಜಮೀನುದಾರನು. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಒಂದನೆಯ ಚಾರ್ಲ್ಸ್ ದೊರೆಯು ಹಾಕಿದ ‘ಹಡಗಿನ ತೆರಿಗೆ’ಯನ್ನು ಕೊಡಲೊಲ್ಲೆನೆಂದು ಅವನು ಕೋರ್ಟಿನ ಕಟ್ಟೆ ಹತ್ತಿದನು. ವ್ಯಾಜ್ಯದ ಹಣ ಬರಿಯ ಇಪ್ಪತ್ತು ಷಿಲ್ಲಿಂಗು. ಹನ್ನೆರಡು ಮಂದಿ ನ್ಯಾಯಾಧೀಶರಲ್ಲಿ ಏಳು ಮಂದಿ ದೊರೆಯ ಕಡೆಗೂ ಐದು ಮಂದಿ ಇವನ ಕಡೆಗೂ ತೀರ್ಪಿತ್ತರು. 1638ರಲ್ಲಿ ಅವನು ಸೋತನು. ಆದರೆ ಐದು ಮಂದಿ ಅವನ ಪರವಾಗಿ ನಿಂತರೆಂಬುದೇ ದೇಶಕ್ಕೆಲ್ಲ ಧೈರ್ಯವನ್ನು ಕೊಟ್ಟಿತು. ಅವನ ತಾಯಿ ಎಲಿಜಬೆತ್ ಕ್ರಾಮ್ವೆಲ್ ಮನೆತನದವಳು. ಆಲಿವರ್ ಕ್ರಾಮ್ವೆಲ್ಲನು ಅವನ ಸೋದರಮಾವನ ಮಗ. ಅವನ ಪರವಾಗಿ ವಾದಿಸಿದ ವಕೀಲ ಆಲಿವರ್ ಸೇಂಟ್ ಜಾನನೂ ಅದೇ ಮನೆತನದ ಹೆಣ್ಣನ್ನು ತಂದವನು. 1640ರ ನವೆಂಬರಿನಲ್ಲಿ ನೆರೆದ ದೀರ್ಘ ಪಾರ್ಲಿಮೆಂಟಿನಲ್ಲಿ ಈ ಮೂವರೂ ಸದಸ್ಯರು. ದೊರೆಯನ್ನು ಎದುರಿಸಲು ಇವರಿಗೆ ಪಕ್ಷವೆಂಬ ಹೆಸರಿನ ಸಂಸ್ಥೆ ಇನ್ನೂ ಇರಲಿಲ್ಲ, ಬೀಗರು ಇದ್ದರು.

ಆದರೆ ಬಾಂಧವ್ಯ ಕಟ್ಟಿದುದನ್ನು ಮತವೂ ಮನಸ್ಸಾಕ್ಷಿಯೂ ಒಡೆದುವು. ಅದನ್ನು ತಿಳಿಯಬೇಕಾದರೆ ಹ್ಯಾಂಪ್ಡೆನ್ನನ ಸೀಮೆಯಲ್ಲಿಯೇ ಕ್ಲೇಡನ್ ಎಂಬ ಊರಿನ ವರ್ನಿ ಮನೆತನಕ್ಕೆ ಹೋಗಬೇಕು.

ಮನೆಯ ಯಜಮಾನ ಸರ್ ಎಡ್ಮಂಡ್ ವರ್ನಿ, ಚಾರ್ಲ್ಸ್ ದೊರೆಯ ಹಳೆಯ ಸೇವಕ. ಹಿರಿಯ ಮಗ ರ್‍ಯಾಲ್ಫ್. ದೀರ್ಘ ಪಾರ್ಲಿಮೆಂಟಿನಲ್ಲಿ ತಂದೆ ವಿಕಂಬಿನ ಪರವಾಗಿಯೂ ಮಗ ಎಯ್ಲ್ಸ್‌ಬರಿಯ ಪರವಾಗಿಯೂ ಕುಳಿತಿದ್ದರು. ಅಲ್ಲಿ ನಡೆದ ಚರ್ಚೆಗಳನ್ನು ಮಗನು ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳುತ್ತಿದ್ದನು. 1642ರಲ್ಲಿ ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿತು. ಮಗನು ಪಾರ್ಲಿಮೆಂಟಿನ ಕಡೆ ಉಳಿದನು. ತಂದೆಗೆ ದೊರೆಯ ಹಠ ಸರಿಕಾಣಲಿಲ್ಲ. ದೊರೆ ಒಪ್ಪಿಕೊಂಡರೆ ಒಳ್ಳೆಯದೆಂದೇ ಅವನ ಅಭಿಪ್ರಾಯ. ಆದರೂ ಮೂವತ್ತು ವರ್ಷಗಳ ಸಮೀಪ ಅವನ ಅನ್ನವನ್ನು ಉಂಡಿದ್ದೇನೆ, ಈಗ ಕೈಬಿಡುವ ನೀಚತನ ನನ್ನಿಂದಾಗದು ಎಂದು ಸ್ನೇಹಿತನೊಡನೆ ಹೇಳಿಕೊಂಡನು. ಇದಕ್ಕೆ ನಮ್ಮಲ್ಲಿ ಉಪ್ಪಿನ ಋಣ ಎನ್ನುತ್ತೇವೆ. ಬೇರೆ ವ್ಯಾಖ್ಯಾನ ಬೇಕಾಗಿಲ್ಲ. ಆಗಸ್ಟ್ 22ರಂದು ನಾಟಿಂಗ್‌ಹ್ಯಾಮಿನಲ್ಲಿ ರಾಜಧ್ವಜ ಏರಿದಾಗ ಅದನ್ನು ಕಾಯುವ ಭಾರ ಅವನದಾಯಿತು. ಅಕ್ಟೋಬರ್ 23ರಂದು ಎಜ್‌ಹಿಲ್ ರಣರಂಗದಲ್ಲಿ ಅವನು ಧ್ವಜದ ಬಳಿಯಲ್ಲಿಯೇ ಮಡಿದನು. ದೇಹವೂ ಸಿಕ್ಕಲಿಲ್ಲ. ತಾನು ಒಪ್ಪದ ಪಕ್ಷಕ್ಕಾಗಿ, ತನ್ನ ಮಗನ ಪಕ್ಷದವರ ಕೈಯಲ್ಲಿ ಸತ್ತನು.

ಕಿರಿಯ ಮಗ, ತಂದೆಯ ಹೆಸರಿನವನೇ, ದೊರೆಯ ಸೈನ್ಯದಲ್ಲಿದ್ದನು. ನಿನ್ನನ್ನು ಇಷ್ಟು ಪ್ರೀತಿಸುವ ನಾನೂ ತಂದೆಯೂ ನಿನಗೆ ವೈರಿಗಳಾಗಬೇಕಾಯಿತಲ್ಲಾ ಎಂದು ಅಣ್ಣನಿಗೆ ಸಂಕಟಪಟ್ಟು ಬರೆದನು. ಈ ತಮ್ಮನು 1649ರಲ್ಲಿ ಐರ್ಲೆಂಡಿನ ಡ್ರೊಹೆಡದಲ್ಲಿ ಕ್ರಾಮ್ವೆಲ್ಲನ ಸೈನ್ಯಕ್ಕೆ ಬಲಿಯಾದನು.

ರ್‍ಯಾಲ್ಫನಿಗಾದರೂ ನೆಮ್ಮದಿಯುಂಟಾಯಿತೆ? ಇಲ್ಲ. 1643ರಲ್ಲಿ ಪಾರ್ಲಿಮೆಂಟು ತನ್ನ ಸದಸ್ಯರಿಂದ ಚರ್ಚಿನ ವ್ಯವಸ್ಥೆಯನ್ನು ಬದಲಾಯಿಸುವ ಒಂದು ಪ್ರಮಾಣವಚನವನ್ನು ಕೇಳಿತು. ಮನಸ್ಸೊಪ್ಪದ ಪ್ರಮಾಣವನ್ನು ಮಾಡಲಾರೆನೆಂದು ಅವನು ಫ್ರಾನ್ಸಿಗೆ ಹೊರಟುಹೋದನು. ತಂದೆ ಋಣಕ್ಕಾಗಿ ಪ್ರಾಣವನ್ನು ಕೊಟ್ಟರೆ ಮಗನು ಮನಸ್ಸಾಕ್ಷಿಗಾಗಿ ಮನೆಯನ್ನು ಬಿಟ್ಟನು. ಅವನ ಜಮೀನನ್ನು ಅವನ ಪಕ್ಷದವರೇ ಜಪ್ತಿ ಮಾಡಿದರು.

ಜಪ್ತಿಯನ್ನು ಬಿಡಿಸಿದವಳು ಹೆಂಡತಿ ಮೇರಿ. ತಂದೆತಾಯಿಗಳಿಲ್ಲದ ಆಸ್ತಿವಂತೆಯಾದ ಅವಳನ್ನು 1629ರಲ್ಲಿ, ಅವಳಿಗಿನ್ನೂ ಹದಿಮೂರು ವರ್ಷವಿರುವಾಗ, ರ್‍ಯಾಲ್ಫನಿಗೆ ಕೊಟ್ಟಿದ್ದರು. ಆಸ್ತಿಗಾಗಿ ಆದ ಮದುವೆ ಪ್ರೀತಿಯ ದಾಂಪತ್ಯವಾಯಿತು. 1646ರಲ್ಲಿ ಅವಳು ಗಂಡನನ್ನು ಫ್ರಾನ್ಸಿನಲ್ಲಿ ಬಿಟ್ಟು, ಗರ್ಭಿಣಿಯಾಗಿ, ಲಂಡನ್ನಿಗೆ ಬಂದಳು. ನೆಂಟರ, ಬೀಗರ, ಸದಸ್ಯರ ಮನೆಗಳ ಬಾಗಿಲು ಬಾಗಿಲಿಗೂ ಅಲೆದಳು. ಆ ಅವಧಿಯಲ್ಲಿ ಹುಟ್ಟಿದ ಕೂಸು ತೀರಿಕೊಂಡಿತು; ಅದೇ ಕಾಲದಲ್ಲಿ ಫ್ರಾನ್ಸಿನಲ್ಲಿ ಗಂಡನ ಬಳಿಯಿದ್ದ ಮಗಳೂ ತೀರಿಕೊಂಡಳು. 1648ರ ಆರಂಭದಲ್ಲಿ ಜಪ್ತಿ ತೆರವಾಯಿತು. ಎರಡು ವರ್ಷಗಳಲ್ಲಿ ಮೇರಿಯೂ ಹೋದಳು. ರ್‍ಯಾಲ್ಫನು ಮತ್ತೆ ಮದುವೆಯಾಗದೆ 1696ರವರೆಗೆ ಬದುಕಿದನು. ಮುಪ್ಪಿನಲ್ಲಿ ಮತ್ತೊಮ್ಮೆ ಪಾರ್ಲಿಮೆಂಟಿನಲ್ಲಿಯೂ ಕುಳಿತನು.

ಇದೆಲ್ಲ ನಮಗೆ ಹೇಗೆ ತಿಳಿಯಿತೆಂದರೆ, ಈ ಮನೆಯವರು ಕಾಗದವನ್ನು ಬಿಸಾಡಲಿಲ್ಲ. ಆ ಒಂದು ಶತಮಾನದ ಮೂವತ್ತು ಸಾವಿರಕ್ಕೂ ಮಿಕ್ಕ ಪತ್ರಗಳು ಕ್ಲೇಡನ್ ಮನೆಯಲ್ಲಿ ಉಳಿದುವು. ಆ ಮನೆಯ ಸೊಸೆ, ಫ್ಲಾರೆನ್ಸ್ ನೈಟಿಂಗೇಲಳ ಅಕ್ಕ, ಅವುಗಳಿಂದ ಮನೆತನದ ಕಥೆಯನ್ನು ಸಿದ್ಧಪಡಿಸಿದಳು. ಅದರ ಅಚ್ಚು 1892ರಲ್ಲಿ ಮೊದಲಾಯಿತು.

ಈಗ ನಮ್ಮ ಸೀಮೆಗೆ ಬರೋಣ. 1565ರ ತಾಳೀಕೋಟೆಯ ಯುದ್ಧದಲ್ಲಿ ವಿಜಯನಗರ ಮುರಿದ ಮೇಲೆ ನಮ್ಮ ಹರಪನಹಳ್ಳಿಯಲ್ಲಿ ದಾದಪ್ಪ ನಾಯಕನ ವಂಶ, ಚಿತ್ರದುರ್ಗದಲ್ಲಿ ತಿಮ್ಮಣ್ಣ ನಾಯಕನ ವಂಶ, ಕೂಡ್ಲಿಗಿಯ ಕಡೆ ಜರಿಮಲೆ, ಗುಡೇಕೋಟೆಗಳ ಪಾಳೆಯಪಟ್ಟುಗಳು ಬೆಳೆದುವು. ಬೇಡ ನಾಯಕರ ಈ ಮನೆತನಗಳಲ್ಲಿ ಹೆಣ್ಣು ಕೊಡುವುದೂ ತರುವುದೂ ನಡೆಯುತ್ತಲೇ ಇದ್ದಿತು. ಯುದ್ಧವೂ ನಡೆಯುತ್ತಲೇ ಇದ್ದಿತು. 1748ರಲ್ಲಿ ಮಾಯಕೊಂಡದ ಬಯಲಿನಲ್ಲಿ ದುರ್ಗದ ಹಿರಿಯ ಮದಕರಿ ನಾಯಕನ ಎದುರಿಗೆ ಬಿದನೂರು, ರಾಯದುರ್ಗ, ಸವಣೂರು, ಹರಪನಹಳ್ಳಿಗಳು ಒಂದಾಗಿ ನಿಂತುವು. ಮದಕರಿ ನಾಯಕನು ಬಿದ್ದುದು ಹರಪನಹಳ್ಳಿಯ ಸೋಮಶೇಖರ ನಾಯಕನ ಕೈಯಲ್ಲಿ. 1779ರಲ್ಲಿ ದುರ್ಗವು ಹೈದರಲಿಯ ವಶವಾಯಿತು. 1800ರಲ್ಲಿ ನಮ್ಮ ಸೀಮೆ ನಿಜಾಮನಿಂದ ಕಂಪೆನಿಗೆ ಸೇರಿದಾಗ, ಕಲೆಕ್ಟರಾಗಿ ಬಂದ ಮನ್ರೋ ಸಾಹೇಬನು ಈ ದತ್ತ ಸೀಮೆಗಳಲ್ಲಿ ಸುಮಾರು ಎಂಬತ್ತು ಮಂದಿ ಪಾಳೆಯಗಾರರನ್ನು ಕಂಡು, ಅವರ ಬಲವನ್ನು ಮುರಿದನು.

ಇಂಗ್ಲೆಂಡಿನವರು ನಮಗಿಂತ ಒಳ್ಳೆಯ ನೆಂಟರೆಂದು ನಾವು ಹೇಳುವುದಿಲ್ಲ. ಅವರೂ ಬೀಗರ ಕೊರಳನ್ನು ಕೊಯ್ದರು. ಅವರ ಸಭೆಯೂ ಜಮೀನುದಾರರ ಸಭೆಯೇ. ಉಳುವವನಿಗಾಗಲಿ, ಮೇರಿಯಂಥ ಹೆಂಗಸಿಗಾಗಲಿ ಅಲ್ಲಿ ಸ್ಥಾನವಿರಲಿಲ್ಲ. ಆದರೆ ಜಗಳ ಮುಗಿದ ಮೇಲೆ ಹಿಂದಿರುಗಿ ಬಂದು ಕೂಡಲು ಅವರೆಲ್ಲರಿಗೂ ಸೇರಿದ ಒಂದು ಚಾವಡಿಯಿತ್ತು. ನಮ್ಮ ನಾಯಕರಿಗೆ ಇದ್ದುವು ಎರಡೇ ಸ್ಥಳ: ಮದುವೆಯ ಹಂದರ, ರಣರಂಗ. ನಡುವೆ ಮಾತಿಗೆ ಜಾಗವಿರಲಿಲ್ಲ. ಶೌರ್ಯ ಅವರಲ್ಲಿ ಕಡಮೆಯಾಗಿರಲಿಲ್ಲ, ಚಾವಡಿ ಇರಲಿಲ್ಲ.

ಇನ್ನೊಂದು ಕೊರತೆ ಕಾಗದದ್ದು. ಕರ್ನಲ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳಿಂದಲೂ, ಅವುಗಳನ್ನು ಕನ್ನಡದಲ್ಲಿ ಸಂಪಾದಿಸಿದ ವಿದ್ವಾಂಸರಿಂದಲೂ ನಾಯಕರ ವಂಶಾವಳಿ ನಮಗೆ ದೊರೆತಿದೆ. ಆದರೆ ಹರಪನಹಳ್ಳಿಯಿಂದ ದುರ್ಗಕ್ಕೋ, ದುರ್ಗದಿಂದ ಜರಿಮಲೆಗೋ ಸೊಸೆಯಾಗಿ ಹೋದ ನಾಗತಿಯೊಬ್ಬಳು, ತವರಿನ ಸೈನ್ಯ ಗಂಡನ ಮೇಲೆ ಬಂದ ದಿನ ಏನೆಂದುಕೊಂಡಳು? ಮೇರಿಯ ಅಳಲನ್ನು ಸಾವಿರಾರು ಮೈಲಿ ದೂರದಲ್ಲಿ ನಾವು ಓದುತ್ತೇವೆ. ಪಕ್ಕದೂರಿನ ನಾಗತಿಯದನ್ನು ಓದಲಾರೆವು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ತಂದೆಗೂ ಚಿಕ್ಕಪ್ಪನಿಗೂ ಒಂದು ಬಾವಿ ಹೊಲದ ವಿಷಯದಲ್ಲಿ ವ್ಯಾಜ್ಯ ನಡೆದು ಹನ್ನೊಂದು ವರ್ಷ ಮಾತಿರಲಿಲ್ಲ. ಒಂದೇ ಬೀದಿ, ಕೊಟ್ಟೂರೇಶ್ವರನ ತೇರಿನ ದಿನವೂ ಬೇರೆ ಬೇರೆ ಕಡೆ ನಿಲ್ಲುತ್ತಿದ್ದರು. ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯ ಕಾಗದಗಳು ನಮ್ಮ ಕೈಗೆ ಬಂದುವು. ಚರಿತ್ರೆಯ ಅಧ್ಯಾಪಕರಾದ ನಾವು, ಹಳೆಯ ಕೋರ್ಟಿನ ಕಸವೆಂದು, ಬಿಚ್ಚಿಯೂ ನೋಡದೆ ಅದನ್ನು ರದ್ದಿಯವನಿಗೆ ಕೊಟ್ಟೆವು. ಆಮೇಲೆ ಚಿಕ್ಕಮ್ಮ ಹೇಳಿದರು: “ಅದರಾಗ ನಿಮ್ಮಪ್ಪಗ ಬರೆದ ಕಾಗದ ಇದ್ದವಪ್ಪ. ಬರೀತಿದ್ರು, ಕಳಸ್ತಿದ್ದಿಲ್ಲ.” ಆ ಮಾತನ್ನು ಕೇಳಿದಂದಿನಿಂದ ಎಡ್ಮಂಡನು ಅಣ್ಣನಿಗೆ ಬರೆದ ಪತ್ರವನ್ನು ನಾವು ತರಗತಿಯಲ್ಲಿ ಸರಾಗವಾಗಿ ಓದಲಾರೆವು.

ಆದುದರಿಂದ ಆ ಹುಡುಗನಿಗೆ ನಮ್ಮ ಉತ್ತರವಿದು. ಅಪ್ಪಾ, ಇಂದು ನಿನಗೂ ನಿನ್ನ ಬೀಗರಿಗೂ ಸೇರಿದ ಚಾವಡಿಯೊಂದುಂಟು. ಪಂಚಾಯಿತಿಯಿಂದ ಪಾರ್ಲಿಮೆಂಟಿನವರೆಗೆ ಅದಕ್ಕೆ ಹಲವು ಹೆಸರು. ಅಲ್ಲಿ ತಂದೆ ಮಗ, ಮಾವ ಅಳಿಯ ಇಂದೂ ಬಂದು ಕೂಡುತ್ತಾರೆ. ನೆಂಟಸ್ತಿಕೆ ಅವರನ್ನು ಅಲ್ಲಿಗೆ ಕರೆತಂದರೆ ತಪ್ಪಿಲ್ಲ. ಕೂತ ಮೇಲೆ ನೆಂಟಸ್ತಿಕೆಯೊಂದೇ ಮಾತಾಡತೊಡಗಿದರೆ ತಪ್ಪು. ಇದನ್ನು ತಿಳಿಯುವುದಕ್ಕಾಗಿ ಹ್ಯಾಂಪ್ಡೆನ್ನನ ಸೋದರಮಾವನ ಮಗ ಯಾರೆಂಬುದು ನಿನಗೆ ಬೇಕು. ಮತ್ತು ನಿನ್ನ ಮನೆಯ ಅಟ್ಟದ ಮೇಲೆ ಹಳೆಯ ಪೆಟ್ಟಿಗೆಯಿದ್ದರೆ, ಅದನ್ನು ಮಾರುವ ಮುನ್ನ ಒಂದು ಸಾರಿ ಬಿಚ್ಚಿ ನೋಡು.