ಕಿವುಡ ಮಕ್ಕಳ ನಡಿಗೆ



ಕಿವಿ ಕೇಳಿಸದ ಮಗುವೊಂದು ಅಂಗಳದಲ್ಲಿ ಮೇಲಿಂದ ಮೇಲೆ ಮುಗ್ಗರಿಸಿದರೆ, ‘ನೆಲ ನೋಡಿ ನಡೆ’ ಎಂದು ಗದರಿಸುವುದು ನಮ್ಮಲ್ಲಿ ವಾಡಿಕೆ. ಆ ಗದರಿಕೆ ಮಗುವಿಗೆ ಕೇಳಿಸದು. ಗದರಿಸಿದವರ ಮುಖ ಮಾತ್ರ ಕಾಣುವುದು. ಮಗುವು ಅಜಾಗ್ರತೆಯಿಂದ ಬಿದ್ದಿತೆಂದು ತಿಳಿಯುವುದು ಅನೇಕವೇಳೆ ತಪ್ಪಾಗಿರುವುದು.

ಒಳಗಿವಿಯಲ್ಲಿ, ಶಬ್ದವನ್ನು ಗ್ರಹಿಸುವ ಶಂಖಾಕಾರದ ಅಂಗಕ್ಕೆ ಹತ್ತಿಕೊಂಡೇ, ಮೂರು ಅರ್ಧವರ್ತುಲ ನಾಳಗಳೂ ಎರಡು ಸಣ್ಣ ಚೀಲಗಳೂ ಇರುವುವು. ತಲೆ ತಿರುಗಿದುದನ್ನು ನಾಳಗಳಲ್ಲಿನ ದ್ರವದ ಚಲನೆಯಿಂದಲೂ, ವಾಲಿದುದನ್ನು ಚೀಲಗಳಲ್ಲಿನ ಸುಣ್ಣದ ಹರಳುಗಳಿಂದಲೂ ಮಿದುಳು ಅರಿಯುವುದು. ಮಿದುಳುಪೊರೆಯ ಉರಿಯೂತದಂತಹ ರೋಗವು ಶ್ರವಣವನ್ನು ಕೆಡಿಸುವಾಗ ಈ ನೆರೆಯ ಅಂಗವನ್ನೂ ಕೆಡಿಸಬಹುದು. ಕಿವುಡರೆಲ್ಲರಿಗೂ ಹೀಗಾಗುವುದಿಲ್ಲ.

ಅಮೆರಿಕೆಯ ವಿಲಿಯಂ ಜೇಮ್ಸ್ ಎಂಬ ಪಂಡಿತನು 1882ರಲ್ಲಿ 519 ಮಂದಿ ಕಿವುಡರನ್ನು ಗರಗರನೆ ತಿರುಗಿಸಿದ ಪರೀಕ್ಷೆಗಳ ಫಲವನ್ನು ಪ್ರಕಟಿಸಿದನು. ಅವರಲ್ಲಿ 186 ಮಂದಿಗೆ ತಲೆಸುತ್ತು ಬರಲೇ ಇಲ್ಲ. ಹಾರ್ವರ್ಡ್ ಕಾಲೇಜಿನ ಸುಮಾರು 200 ಮಂದಿ ಕೇಳಬಲ್ಲವರಲ್ಲಿ ಹಾಗೆ ಉಳಿದವನು ಒಬ್ಬನೇ! ತಲೆ ಸುತ್ತದಿರುವುದು ಭಾಗ್ಯವೆಂದು ತೋರಬಹುದು. ಆದರೆ ಅಂಥವರು ತಮ್ಮ ಸಮತೋಲನಕ್ಕೆ ಕಣ್ಣನ್ನೂ ಅಂಗಾಲನ್ನೂ ಕೀಲುಗಳನ್ನೂ ನಂಬಿ ನಡೆಯಬೇಕು. ದೀಪವಾರಿದೊಡನೆ, ಮರಳು ಸಿಕ್ಕಿದೊಡನೆ ಅವರ ಹೆಜ್ಜೆ ತಪ್ಪುವುದು. ಇಂಥ ಶಿಶುಗಳು ಕತ್ತು ನಿಲ್ಲಿಸುವುದೂ ನಡೆಯಲು ತೊಡಗುವುದೂ ತಡವಾಗುವುದುಂಟು.

ಕೆಟ್ಟ ಅಂಗವು ಶಿಕ್ಷಣದಿಂದ ಮರಳಿ ಚಿಗುರದು. ಉಳಿದ ಇಂದ್ರಿಯಗಳನ್ನು ಹೆಚ್ಚು ಕುಶಲತೆಯಿಂದ ಬಳಸಲು ಮಿದುಳು ಮಾತ್ರ ಕಲಿಯುವುದು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವಾರಕ್ಕೆ 3 ಸಲದಂತೆ 12 ವಾರ ವ್ಯಾಯಾಮ ಮಾಡಿಸಿದ ಮೇಲೆ ಇಂಥ ಮಕ್ಕಳ ಚಲನಶಕ್ತಿಯು ಹಿಂದುಳಿಯುತ್ತ ಹೋಗುವುದು ನಿಂತಿತು. ವ್ಯಾಯಾಮಗಳು ಆಟದಂತೆಯೇ ಇರುವುವು. ಸುಣ್ಣದ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಿಸಬೇಕು. ಮೆತ್ತನೆಯ ಹಾಸಿಗೆಯ ಮೇಲೆ ನಿಲ್ಲಿಸಬೇಕು. ಗೋಡೆಯ ಮೇಲಿನ ಚಿತ್ರದಲ್ಲಿ ದೃಷ್ಟಿಯಿಟ್ಟು ತಲೆಯನ್ನು ಎಡಬಲಕ್ಕೆ ತಿರುಗಿಸಲು ಕಲಿಸಬೇಕು. ನಮ್ಮ ಹೆಣ್ಣುಮಕ್ಕಳ ಕುಂಟೆಬಿಲ್ಲೆಯು ಇದಕ್ಕೆಂದೇ ಹುಟ್ಟಿದಂತಿರುವುದು. ಮೊದಲು ತಾವೇ ಮಾಡಿ ತೋರಿಸಿ, ಬಳಿಕ ಮಾಡಿಸತಕ್ಕದ್ದು. ಕೊನೆಯಲ್ಲಿ ಕಣ್ಣು ಮುಚ್ಚಿಸಿ ನಿಲ್ಲಿಸುವಾಗ ಒಂದೆಚ್ಚರ: ಕಣ್ಣು ಮುಚ್ಚಿದ ಕಿವುಡ ಮಗುವಿಗೆ ನಿಮ್ಮ ಕೂಗೂ ಇಲ್ಲ, ಸನ್ನೆಯೂ ಇಲ್ಲ. ಆದುದರಿಂದ ಹೆಗಲನ್ನು ಮುಟ್ಟಿದರೆ ‘ಕಣ್ಣು ತೆರೆ’ ಎಂದರ್ಥವೆಂಬುದನ್ನು ಮುಂಚೆಯೇ ಗೊತ್ತುಮಾಡಿಕೊಂಡು, ಕೈಯಳತೆಯಲ್ಲಿ ನಿಲ್ಲಬೇಕು.

ಶ್ರವಣಪರೀಕ್ಷೆಗೆ ಮಗುವನ್ನು ಕರೆದೊಯ್ದಾಗ ಸಮತೋಲನದ ಪರೀಕ್ಷೆಯನ್ನೂ ಕೇಳಿ ಮಾಡಿಸಿರಿ. ಕೆರೆಬಾವಿಗಳಲ್ಲಿ ಈಜು ಕಲಿಸುವುದಕ್ಕೆ ಮುನ್ನ ಇದು ಅವಶ್ಯವು. ನೀರೊಳಗೆ ಅಂಗಾಲಿಗೆ ನೆಲದ ಆಸರೆಯಿರದು, ಕದಡಿದ ನೀರಿನಲ್ಲಿ ಕಣ್ಣೂ ಕಾಣದು. ಮೇಲಾವುದು ಕೆಳಗಾವುದು ಎಂಬುದೇ ತಿಳಿಯದೆ ಮಗುವು ತಳದತ್ತ ಈಜಬಹುದು. ನೀರಿನಲ್ಲಿ ದಿಕ್ಕುಗೆಡುವ ಈ ಭಯವನ್ನು ಜೇಮ್ಸನೂ ಆಗಲೇ ಬರೆದಿಟ್ಟಿರುವನು. ಬಲ್ಲವರೊಬ್ಬರು ಜೊತೆಯಲ್ಲಿ ನೀರಿಗಿಳಿಯದೆ ಅಂಥ ಮಗುವನ್ನು ಇಳಿಸಬಾರದು.