ಆಕಾಶವೂ ಕೆರೆಯ ಜಲಾನಯನವೇ



ಕೆಲವು ವರ್ಷಗಳ ಹಿಂದೆ ಡೆಂಕಣಿಕೋಟೆ ಕಡೆಯ ಒಂದು ಶಾಲೆಯಲ್ಲಿ ಪರಿಸರ ಪಾಠವನ್ನು ವೀಕ್ಷಿಸುತ್ತಿದ್ದೆ. ಪಾಠ ಮುಗಿದ ಮೇಲೆ ಬಾಲಕಿಯೊಬ್ಬಳು ಎದ್ದು, "ನಮ್ಮೂರ ಕೆರೆಗೆ ಯಾವ ಕಾರ್ಖಾನೆಯ ನೀರೂ ಬರುವುದಿಲ್ಲ. ಹಾಗಾದರೆ ನಮ್ಮ ಕೆರೆ ಕೆಡುವುದಿಲ್ಲ ಅಲ್ಲವೇ?" ಎಂದು ಕೇಳಿದಳು. ಶಿಕ್ಷಕರು ನನ್ನತ್ತ ನೋಡಿದರು. ನಾನು "ಹೌದಮ್ಮ" ಎಂದುಬಿಟ್ಟೆ. ಆ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾವು ವಾಯುಮಾಲಿನ್ಯವನ್ನು ಒಂದು ಪಾಠವಾಗಿಯೂ ಜಲಮಾಲಿನ್ಯವನ್ನು ಮತ್ತೊಂದು ಪಾಠವಾಗಿಯೂ ಬೋಧಿಸುತ್ತೇವೆ. ಪ್ರಕೃತಿಯಲ್ಲಿ ಈ ವಿಭಾಗವಿಲ್ಲ. ಏರಿ, ತೂಬು, ಕೋಡಿ, ಕೆರೆಯಂಗಳ ಎಂಬ ಮಾತುಗಳನ್ನು ನಮ್ಮ ಮಕ್ಕಳು ಮನೆಯ ಹಿರಿಯರ ಬಾಯಿಂದಲೇ ಕಲಿತಿರುತ್ತಾರೆ. ಸುತ್ತಲಿನ ನೆಲದಿಂದ ಮಳೆನೀರು ಕೆರೆಗೆ ಹರಿದುಬರುತ್ತದೆ, ಆ ನೆಲವೇ ಜಲಾನಯನ ಪ್ರದೇಶ ಎಂಬುದನ್ನೂ ಬಲ್ಲರು. ಆದರೆ ಪ್ರತಿಯೊಂದು ಕೆರೆಗೂ ಎರಡನೆಯ ಜಲಾನಯನವೊಂದಿದೆ, ಅದು ಆಕಾಶ. ಅದಕ್ಕೆ ಏರಿಯೂ ಇಲ್ಲ, ರಾಜ್ಯದ ಗಡಿಯೂ ಇಲ್ಲ.

ವಾಹನಗಳ ಹೊಗೆಯಿಂದ ಸಾರಜನಕದ ಆಕ್ಸೈಡುಗಳು, ಕಲ್ಲಿದ್ದಲಿನ ದಹನದಿಂದ ಗಂಧಕದ ಡೈಆಕ್ಸೈಡ್, ಗೊಬ್ಬರ ಹಾಕಿದ ಹೊಲಗಳಿಂದಲೂ ಕೊಟ್ಟಿಗೆಗಳಿಂದಲೂ ಅಮೋನಿಯ ಗಾಳಿಗೆ ಸೇರುತ್ತವೆ. ಇವು ಮಳೆಯೊಂದಿಗೆ ಇಳಿದರೆ ಆರ್ದ್ರ ನಿಕ್ಷೇಪ. ಧೂಳಾಗಿ, ಅನಿಲವಾಗಿ ನೇರವಾಗಿ ಇಳಿದರೆ ಶುಷ್ಕ ನಿಕ್ಷೇಪ. ಶುದ್ಧ ಮಳೆನೀರಿನ ಪಿಎಚ್ ಸುಮಾರು 5.6. ಆಮ್ಲಮಳೆಯಿಂದ ಇದು ಇನ್ನೂ ಇಳಿದಾಗ ಸ್ವೀಡನ್, ನಾರ್ವೆಗಳ ಅನೇಕ ಸರೋವರಗಳಲ್ಲಿ ಮೀನಿನ ಸಂತತಿಯೇ ನಶಿಸಿತು. ನಮ್ಮ ಒಣಸೀಮೆಯ ಮಣ್ಣಿನ ಧೂಳಿನಲ್ಲಿ ಕ್ಯಾಲ್ಸಿಯಂ ಇರುವುದರಿಂದ ಆಮ್ಲದ ಬಹುಭಾಗ ಗಾಳಿಯಲ್ಲೇ ಶಮನವಾಗುತ್ತದೆ. ಇದನ್ನು ಕೇಳಿ ನೆಮ್ಮದಿಪಡುವಂತಿಲ್ಲ. ಆಮ್ಲ ಶಮನವಾದರೂ ಸಾರಜನಕ ಉಳಿಯುತ್ತದೆ. ಅದು ಕೆರೆಗೆ ಕರೆಯದೆ ಬಂದ ಗೊಬ್ಬರ. ಪಾಚಿ ಹಬ್ಬುತ್ತದೆ, ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಕರಗುತ್ತದೆ, ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ.

ಗಾಳಿಯಿಂದ ಕೆರೆ ಕೆಟ್ಟುದಕ್ಕೆ ಪುರಾವೆ ಬೇಕಾದರೆ ನಮ್ಮ ರಾಜ್ಯದ ಕೊಡೈಕೆನಾಲ್‌ ಇದೆ. ಅಲ್ಲಿಯ ಪಾದರಸದ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಅಣುಶಕ್ತಿ ಇಲಾಖೆಯ ಹೈದರಾಬಾದ್ ಕೇಂದ್ರದ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಡೈಕೆನಾಲ್ ಕೆರೆಯ ನೀರು, ಕೆಸರು, ಮೀನು ಮೂರರಲ್ಲಿಯೂ ಪಾದರಸ ಕಂಡುಬಂದಿತು. ಮರಗಳ ಮೇಲಿನ ಹಾವಸೆ, ಕಲ್ಲುಹೂಗಳಲ್ಲಿಯೂ ಅದು ಇತ್ತು. ಇವು ಬೇರಿಲ್ಲದ ಜೀವಿಗಳು. ಮಳೆ ಮತ್ತು ಗಾಳಿಯಿಂದಲೇ ಪೋಷಣೆ ಪಡೆಯುತ್ತವೆ. ಆದ್ದರಿಂದ ಪಾದರಸ ಬಂದ ದಾರಿಗೆ ಅವೇ ಸಾಕ್ಷಿ. ಕೆಸರಿನ ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಪಾದರಸವನ್ನಾಗಿಸುತ್ತವೆ. ಅದು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ಮನುಷ್ಯನಿಗೆ ಏರುತ್ತ ಸಾಂದ್ರವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಈ ಪಾಠ ಮಾಡುವಾಗ ಮಕ್ಕಳು ಕೆಲವರಪಳ್ಳಿ ಜಲಾಶಯದ ನೊರೆಯನ್ನು ಖಂಡಿತ ನೆನೆಯುತ್ತಾರೆ. ಅದನ್ನು ಗಾಳಿಯ ಮಾಲಿನ್ಯದ ಲೆಕ್ಕಕ್ಕೆ ಹಾಕಬಾರದು. ಆ ನೊರೆ ಮುಖ್ಯವಾಗಿ ಬೆಂಗಳೂರಿನ ಕೊಳಚೆ ಮತ್ತು ಸಾಬೂನು ಪುಡಿಗಳದು. ಬೆಳ್ಳಂದೂರು, ವರ್ತೂರು ಕೆರೆಗಳ ನೀರು ದಕ್ಷಿಣ ಪಿನಾಕಿನಿಯನ್ನು ಸೇರಿ ನಮ್ಮಲ್ಲಿಗೆ ಬರುತ್ತದೆ. ಆದರೆ ಅದೇ ಬೆಳ್ಳಂದೂರು ಕೆರೆ 2017ರ ಫೆಬ್ರವರಿಯಲ್ಲಿಯೂ 2018ರ ಜನವರಿಯಲ್ಲಿಯೂ ಹೊತ್ತಿ ಉರಿದು ಊರಿನ ಮೇಲೆ ಹೊಗೆ ಕವಿಸಿತು. ಕೆಟ್ಟ ನೀರು ಗಾಳಿಯನ್ನು ಕೆಡಿಸಿತು. ಕೆಟ್ಟ ಗಾಳಿ ಮತ್ತೆ ನೀರಿಗೆ ಇಳಿಯುತ್ತದೆ. ಕಾರಣಗಳನ್ನು ಬೆರೆಸದೆ, ಸಂಬಂಧಗಳನ್ನು ಬಿಡದೆ ಹೇಳುವುದೇ ವಿಜ್ಞಾನ ಬೋಧನೆಯ ಧರ್ಮ.

ನಮ್ಮ ಹೊಳೆ ಇಲ್ಲಿಗೆ ನಿಲ್ಲುವುದಿಲ್ಲ. ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳನ್ನು ದಾಟಿ ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಕಡಲತೀರಕ್ಕೆ ಹೊಳೆ ತರುವ ಸಾರಜನಕ ಒಂದಾದರೆ, ಆಕಾಶದಿಂದ ಇಳಿಯುವುದು ಇನ್ನೊಂದು. ಅಮೆರಿಕದ ಚೆಸಪೀಕ್ ಕೊಲ್ಲಿಗೆ ಸೇರುವ ಸಾರಜನಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಗಾಳಿಯಿಂದ ಬಂದುದೆಂದು ಅಲ್ಲಿಯ ಲೆಕ್ಕ ಹೇಳುತ್ತದೆ. ಇದಲ್ಲದೆ ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನ ಸುಮಾರು ಕಾಲುಭಾಗವನ್ನು ಸಾಗರಗಳೇ ಹೀರುತ್ತವೆ. ಕೈಗಾರಿಕಾ ಯುಗದ ಆರಂಭದಿಂದ ಕಡಲ ಮೇಲ್ಪದರದ ಪಿಎಚ್ 8.2ರಿಂದ 8.1ಕ್ಕೆ ಇಳಿದಿದೆ. ಅಂಕಿ ಸಣ್ಣದೆನಿಸಬಹುದು, ಆಮ್ಲೀಯತೆಯಲ್ಲಿ ಅದು ಶೇಕಡಾ 30ರಷ್ಟು ಏರಿಕೆ. ಸಿಂಪಿ, ಹವಳಗಳಿಗೆ ಸುಣ್ಣದ ಚಿಪ್ಪು ಕಟ್ಟುವುದು ಕಷ್ಟವಾಗುತ್ತದೆ.

ಇದನ್ನು ತರಗತಿಗೆ ತರಲು ಪ್ರಯೋಗಾಲಯ ಬೇಕಿಲ್ಲ. ಮಳೆಯಿಲ್ಲದ ಒಂದು ವಾರ, ಎರಡು ಬಿಳಿಯ ತಟ್ಟೆಗಳಲ್ಲಿ ಒಂದನ್ನು ರಸ್ತೆ ಬದಿಯ ಮನೆಯ ಮಾಳಿಗೆಯ ಮೇಲೆ, ಇನ್ನೊಂದನ್ನು ಹೊಲದ ನಡುವಿನ ಮನೆಯ ಮಾಳಿಗೆಯ ಮೇಲೆ ಇರಿಸಿರಿ. ಅನಂತರ ಒಂದೊಂದು ಲೋಟ ನೀರಿನಿಂದ ತೊಳೆದು ಎರಡು ಗಾಜಿನ ಲೋಟಗಳಲ್ಲಿ ಹೋಲಿಸಿ ನೋಡಲಿ. ಬಳಿಕ ಗಣಿತದ ಅವಧಿಯಲ್ಲಿ ಒಂದು ಲೆಕ್ಕ ಕೊಡಿರಿ: ಚದರ ಮೀಟರಿಗೆ ಒಂದು ಗ್ರಾಂ ಧೂಳು ಬಿದ್ದರೆ 10 ಹೆಕ್ಟೇರ್ ಕೆರೆಗೆ ಎಷ್ಟು? ಉತ್ತರ 100 ಕಿಲೋ. ತಟ್ಟೆಯ ಮೇಲೆ ಬೆರಳಾಡಿಸಿದ ಮಗುವಿಗೆ ಆ ಸಂಖ್ಯೆಯ ತೂಕ ತಿಳಿಯುತ್ತದೆ. ಫಲಿತಾಂಶವನ್ನು ಮಕ್ಕಳು ತಮ್ಮ ಕನ್ನಡದಲ್ಲೇ ಬರೆಯಲಿ. ಏರಿ, ಕೋಡಿ, ತೂಬುಗಳ ಪಕ್ಕದಲ್ಲಿ 'ನಿಕ್ಷೇಪ' ಎಂಬ ಹೊಸ ಮಾತೂ ಸೇರಲಿ.

ಆ ಬಾಲಕಿ ಈಗ ಯಾವ ತರಗತಿಯಲ್ಲಿದ್ದಾಳೋ ತಿಳಿಯೆ. ಅದೇ ಪ್ರಶ್ನೆಯನ್ನು ನಾಳೆ ನಿಮ್ಮ ತರಗತಿಯಲ್ಲಿ ಮತ್ತೊಂದು ಮಗು ಕೇಳಬಹುದು. ಆಗ ಅವಸರದಲ್ಲಿ "ಹೌದು" ಎನ್ನದೆ, ಮಗುವನ್ನು ಹೊರಗೆ ಕರೆದೊಯ್ದು ಮೊದಲು ಕೆರೆಯನ್ನು ತೋರಿಸಿರಿ. ಅನಂತರ ತಲೆಯೆತ್ತಿ ಆಕಾಶವನ್ನು ತೋರಿಸಿರಿ.